ಕೊಸರಾಗಿ ಬಂದ ಗ್ರೀಕು

ನಾನು ಜೀವನವೆಲ್ಲ ಲ್ಯಾಟಿನ್ನು, ಹಳೆಯ ಗ್ರೀಕು ಪಾಠ ಹೇಳಿ ಸಂಬಳ ಎಣಿಸಿಕೊಂಡವಳು ಎಂದರೆ ಕೊಳ್ಳೇಗಾಲದ ನಮ್ಮ ಬೀದಿಯ ಹಳಬರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಉಟ್ಟ ಸೀರೆಯ ಅಂಚು ನೋಡುತ್ತಾರೆ, ಕೊನೆಗೆ 'ಓಗ್ಲಿ ಬುಡವ್ವ, ಪೆನ್ಸನ್ ಬತ್ತದಲ್ಲ' ಎಂದು ಅವರೇ ಸಮಾಧಾನ ಹೇಳುತ್ತಾರೆ. ನೇಕಾರರ ಮನೆಯ ಹುಡುಗಿಗೆ ಈ ಭಾಷೆಗಳು ಎಲ್ಲಿ ಗಂಟುಬಿದ್ದವು ಎಂದು ಕೇಳದವರಿಲ್ಲ. ಕೇಳುವವರ ಮುಖ ನೋಡಿ ನಾನೂ ಒಂದೊಂದು ಉತ್ತರ ಇಟ್ಟುಕೊಂಡಿದ್ದೇನೆ. ಕಾಲೇಜಿನ ಸಂದರ್ಶನಗಳಲ್ಲಿ ಪ್ರಾಚೀನ ಸಾಹಿತ್ಯದ ಒಲವು ಎಂದೆ. ನೆಂಟರಿಗೆ, ಆ ಕೆಲಸಕ್ಕೆ ಬೇರೆ ಯಾರೂ ಅರ್ಜಿ ಹಾಕಲಿಲ್ಲ ಎಂದೆ. ಇದು ಅರ್ಧ ನಿಜ, ಮತ್ತು ಈಗಿನ ಮಕ್ಕಳಿಗೆ ನಾನು ಕೊಡುವ ಬುದ್ಧಿಮಾತೂ ಇದೇ: ಎಲ್ಲರೂ ನೂಕಾಡುವ ಬಾಗಿಲಲ್ಲಿ ನಿಲ್ಲಬೇಡಿ, ಯಾರೂ ಇಲ್ಲದ ಬಾಗಿಲು ತಟ್ಟಿ, ನಿಮಗೆ ಒಳಗಿರುವವರು ಬೇಕಾಗಿರುವುದಕ್ಕಿಂತ ಅವರಿಗೆ ನೀವು ಹೆಚ್ಚು ಬೇಕಾಗಿರುತ್ತೀರಿ. ಪಾದ್ರಿಗಳಾಗಲು ಬಂದ ಹುಡುಗರಿಗೇ ಲ್ಯಾಟಿನ್ ಬೇಡವಾಗಿ, ಅವರ ಪೂಜೆಯೆಲ್ಲ ಕನ್ನಡ ತಮಿಳಿಗೆ ತಿರುಗಿಕೊಂಡ ಕಾಲದಲ್ಲಿ, ಕುಂಕುಮ ಇಟ್ಟುಕೊಂಡ ನಾನು ಬೆಂಗಳೂರಿನಲ್ಲಿ ಅವರ ಮುಂದೆ ನಿಂತು ಆ ಭಾಷೆಯ ವಿಭಕ್ತಿ ಹೇಳಿಸುತ್ತಿದ್ದೆ. ಅವರಿಗೂ ಗಲಿಬಿಲಿ, ನನಗೂ ಗಲಿಬಿಲಿ. ಆದರೆ ಆ ಗಲಿಬಿಲಿ ನನಗೆ ಹೊಸದಾಗಿರಲಿಲ್ಲ. ಅದು ನಮ್ಮ ಮನೆಯ ಜಗಲಿಯಲ್ಲಿ, ನಾನು ಇನ್ನೂ ಲಂಗ ಹಾಕುತ್ತಿದ್ದಾಗಲೇ ಶುರುವಾಗಿತ್ತು.

ಆ ಮನೆಯಲ್ಲಿ ಮನುಷ್ಯರಿಗಿಂತ ಮಗ್ಗಕ್ಕೆ ಜಾಗ ಜಾಸ್ತಿ. ನಡುಮನೆಯ ನೆಲ ಅಗೆದು ಮಾಡಿದ ಗುಂಡಿಯಲ್ಲಿ ಅಪ್ಪ ಸೊಂಟದವರೆಗೆ ಇಳಿದು ಕೂತಿರುತ್ತಿದ್ದ. ಊಟಕ್ಕೆ ಎದ್ದರೆ ಅವನಿಗೂ ಕಾಲಿದೆ ಎಂದು ನಮಗೆ ನೆನಪಾಗುತ್ತಿತ್ತು. ಮಗ್ಗದ ಆ ತುದಿಯಿಂದ ಈ ತುದಿಯವರೆಗೆ ರೇಷ್ಮೆ ನೂಲು ಬಿಗಿದಿರುತ್ತಿದ್ದುದರಿಂದ ಅಡುಗೆಮನೆಗೆ ಹೋಗಬೇಕಾದವರು ಗೋಡೆಗೆ ಬೆನ್ನು ಉಜ್ಜಿಕೊಂಡು ನಡೆಯಬೇಕು. ನಮ್ಮ ಮನೆಯ ಸುಣ್ಣ ಸೊಂಟದ ಎತ್ತರದಲ್ಲಿ ಯಾವಾಗಲೂ ಸವೆದಿರುತ್ತಿತ್ತು. ಗಂಜಿಯ ವಾಸನೆ, ಹಿತ್ತಿಲಲ್ಲಿ ಒಣಗುವ ಬಣ್ಣದ ನೂಲಿನ ವಾಸನೆ, ಮಧ್ಯಾಹ್ನ ಅದರ ಮೇಲೆ ಉಪ್ಸಾರಿನ ಖಾರದ ವಾಸನೆ. ನನ್ನ ಕೆಲಸ ರಾಟೆಯ ಮುಂದೆ ಕೂತು ಲಾಳಿಯೊಳಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುವುದು. ಅಮಾವಾಸ್ಯೆಯ ದಿನ ಮಾತ್ರ ಮಗ್ಗ ಮುಟ್ಟುವಂತಿಲ್ಲ. ಆ ದಿನ ಇಡೀ ಬೀದಿ ಕಿವಿ ಕಿವುಡಾದ ಹಾಗೆ ಸುಮ್ಮನಾಗಿ, ಅಪ್ಪ ಏನು ಮಾಡಬೇಕೆಂದು ತಿಳಿಯದೆ ಮಧ್ಯಾಹ್ನದವರೆಗೂ ಬಾಗಿಲಲ್ಲಿ ನಿಂತಿರುತ್ತಿದ್ದ.

ಅಪ್ಪ ನೇಯುವವನು, ಅವ್ವ ಮಾರುವವಳು. ಸೀರೆಗಳನ್ನು ಬಿಳಿ ಪಂಚೆಯಲ್ಲಿ ಗಂಟು ಕಟ್ಟಿ ಸೊಂಟಕ್ಕಿಟ್ಟುಕೊಂಡು ಅವಳು ಹನೂರು, ಅಜ್ಜೀಪುರ, ಯಳಂದೂರು, ಅಗರ ಎಲ್ಲ ತಿರುಗುತ್ತಿದ್ದಳು. ಮದುವೆ ಇರುವ ಮನೆ ಯಾವುದು ಎಂದು ಮದುವೆಯ ಮನೆಯವರಿಗೆ ಗೊತ್ತಾಗುವ ಮೊದಲೇ ಅವಳಿಗೆ ಗೊತ್ತಿರುತ್ತಿತ್ತು. ರೈತರ ಮನೆಗಳಲ್ಲಿ ಅವಳನ್ನು ಗೆಲ್ಲುವವರೇ ಇರಲಿಲ್ಲ. ಸೀರೆ ಬಿಡಿಸುವಾಗ ಸೆರಗನ್ನು ಮೊದಲು ತೋರಿಸಬಾರದು, ಗಿರಾಕಿ ಕೇಳುವವರೆಗೆ ಕಾಯಬೇಕು. ಬೆಲೆ ಹೇಳಿದ ಮೇಲೆ ನೀರು ಕೇಳಿ ಕುಡಿಯಬೇಕು, ನೀರು ಕುಡಿಯುತ್ತಿರುವವಳ ಹತ್ತಿರ ಯಾರೂ ಜಗಳವಾಡುವುದಿಲ್ಲ. ಇವೆಲ್ಲ ನಾನು ಅವಳಿಂದ ಕಲಿತದ್ದು, ವಿಶ್ವವಿದ್ಯಾಲಯದ ಕಮಿಟಿಗಳಲ್ಲೂ ಕೈಕೊಟ್ಟಿಲ್ಲ, ಬೇಕಾದವರು ಪ್ರಯತ್ನಿಸಿ ನೋಡಬಹುದು. ಆದರೆ ಯಳಂದೂರಿನ ಆಫೀಸರುಗಳ ಮನೆಗಳಲ್ಲಿ ಅವ್ವನ ಆಟ ನಡೆಯುತ್ತಿರಲಿಲ್ಲ. ಅಲ್ಲಿನ ಹೆಂಗಸರು ಸೀರೆ ಮಡಿಲಲ್ಲಿಟ್ಟುಕೊಂಡು, ಅವಳ ಎದುರೇ, ಇಂಗ್ಲೀಷಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಏನು ಮಸಲತ್ತು ಮಾಡಿದರೋ, ಎಷ್ಟಕ್ಕೆ ಇಳಿಸಬೇಕು ಅಂದುಕೊಂಡರೋ, ತಿಳಿಯದೆ ಕತ್ತಲಲ್ಲಿ ನೂಲು ಸೇರಿಸಿದ ಹಾಗೆ ಆಗುತ್ತಿತ್ತು ಅವಳಿಗೆ.

ಅದೇ ಕಾಲಕ್ಕೆ ನಮ್ಮ ತಾಲ್ಲೂಕು ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿತು. ಕಛೇರಿಗಳ ಬೋರ್ಡು ಬದಲಾದವು. ತಮಿಳು ಬಲ್ಲವರು ಕನ್ನಡ ಕಲಿಯಲು, ಕನ್ನಡ ಬಲ್ಲವರು ಮೀಸೆ ತಿರುವಲು ಶುರುಮಾಡಿದರು. ಬೀದಿಯಲ್ಲಿ ಯಾರ ಬಾಯಲ್ಲಿ ನೋಡಿದರೂ ಅದೇ ಮಾತು. ಅವ್ವ ಮಾತ್ರ ಒಂದು ಸಂಜೆ ಕಾಳು ಕೇರುತ್ತಾ ಲೆಕ್ಕ ಹಾಕಿ ಅಪ್ಪನಿಗೆ ಹೇಳಿದಳು:

"ನೆನ್ನೆಗಂಟ ತಮಿಳಲ್ಲಿ ಬಯ್ತಿದ್ರು, ಇನ್ಮೇಲೆ ಕನ್ನಡದಲ್ಲಿ ಬಯ್ತಾರೆ. ಕಾಗ್ದ ಮಾತ್ರ ಅವತ್ತೂ ಇಂಗ್ಲೀಷು, ಇವತ್ತೂ ಇಂಗ್ಲೀಷು. ಈ ಕೂಸ್ಗೆ ಇಂಗ್ಲೀಷು ಕಲಿಸ್ಬೇಕು. ನನ್ ಪಕ್ಕ ಕುಂತ್ಕಂಡು ಆ ಅಮ್ಮಾವ್ರುಗಳು ಏನ್ ಮಾತಾಡ್ಕತರೆ ಅಂತ ಕೇಳಿಸ್ಕಂಡ್ರೆ ಸಾಕು."

"ಕಂಡಿಕೆ ಸುತ್ತೋರ್ಯಾರು?" ಎಂದ ಅಪ್ಪ ಗುಂಡಿಯಿಂದ.

"ಸುತ್ಕಂಡೇ ಕಲೀತಳೆ. ಕಲಿಯದು ಕಿವೀಲಿ, ಸುತ್ತದು ಕೈಯಲ್ಲಿ."

ಸ್ಕೂಲಿನಲ್ಲಿ ಇಂಗ್ಲೀಷು ಬರುವುದಕ್ಕೆ ಇನ್ನೂ ಮೇಲಿನ ಕ್ಲಾಸಿಗೆ ಹೋಗಬೇಕಿತ್ತು. ಅಷ್ಟು ಕಾಯುವ ತಾಳ್ಮೆ ಅವ್ವನಿಗಿರಲಿಲ್ಲ. ಅವಳ ಕಣ್ಣು ಜಗಲಿಯ ಪಕ್ಕದ ಕೋಣೆಯ ಬಾಡಿಗೆಯವರ ಮೇಲೆ ಬಿತ್ತು. ಅವರ ಹೆಸರು ಅರುಳಪ್ಪ. ರೇಷ್ಮೆ ಇಲಾಖೆಯ ಕಛೇರಿಯಲ್ಲಿ ಟೈಪಿಸ್ಟು. ಹನೂರಿನ ಆಚೆ, ತಮಿಳು ಮಾತಾಡುವ ಕ್ರಿಸ್ತುವರ ಊರೊಂದರಿಂದ ಬಂದವರು. ಪಾದ್ರಿಯಾಗಬೇಕೆಂದು ಮೀಸೆ ಮೂಡುವ ಮೊದಲೇ ಸೆಮಿನರಿ ಸೇರಿ, ಕಿವಿಯ ಪಕ್ಕ ನರೆ ಕಾಣಿಸಿದ ಮೇಲೆ, ದೀಕ್ಷೆ ಕೊಡುವ ಮುಂಚೆ ಎದ್ದು ಬಂದಿದ್ದರು. ಯಾಕೆ ಎಂದು ಅವರು ಹೇಳಲಿಲ್ಲ. ನಮ್ಮ ಬೀದಿಗೆ ಅವರು ಅರ್ಥವಾಗಲಿಲ್ಲ: ಮದುವೆಯಿಲ್ಲ, ಆದರೆ ಸನ್ಯಾಸಿಯಲ್ಲ, ಕೋಳಿ ತಿನ್ನುತ್ತಾರೆ, ಆದರೆ ಬೆಳಗ್ಗೆ ಎದ್ದು ಏನೋ ಮಂತ್ರ ಹೇಳುತ್ತಾರೆ. ಅವ್ವನಿಗೆ ಅದ್ಯಾವುದೂ ಬೇಕಿರಲಿಲ್ಲ. ಆ ಮನುಷ್ಯ ದಿನವಿಡೀ ಇಂಗ್ಲೀಷು ಟೈಪು ಹೊಡೆಯುತ್ತಾನೆ, ಅಷ್ಟು ಸಾಕಿತ್ತು. ಮಧ್ಯಾಹ್ನ ಒಂದು ಮುದ್ದೆ, ಸಾರು ನಮ್ಮದು, ಸಂಜೆ ಒಂದು ಪಾಠ ಅವರದು ಎಂದು ಮಾತಾಯಿತು. ಊಟ ಜಗಲಿಯಲ್ಲಿ, ಅವರ ತಟ್ಟೆ ಹೊರಗಿನ ಗೂಡಿನಲ್ಲಿರುತ್ತಿತ್ತು, ತೊಳೆದಿಡುವುದು ಅವರೇ. ಆಗ ಅದು ಯಾರಿಗೂ ವಿಶೇಷವೆನಿಸಲಿಲ್ಲ, ನನಗೂ ಅನಿಸಲಿಲ್ಲ.

ಪಾಠ ನನಗೆ ಹಿಡಿಸಿತು ಎಂದರೆ ಕಡಿಮೆ ಹೇಳಿದ ಹಾಗೆ. ಅರುಳಪ್ಪ ಮೇಷ್ಟ್ರು ಮೊದಲು ಅಕ್ಷರ ಬರೆಸಿದರು, ಆಮೇಲೆ ಬಾಯಿಪಾಠ. ಮೆನ್ಸಾ, ಮೆನ್ಸಾಂ, ಮೆನ್ಸೇ. ಮೆನ್ಸಾ ಎಂದರೆ ಮೇಜು. ನಮ್ಮ ಮನೆಯಲ್ಲಿ ಮೇಜಿರಲಿಲ್ಲ, ಆದರೂ ಮೇಜನ್ನು, ಮೇಜಿಗೆ, ಮೇಜಿನಿಂದ ಎಂದು ರಾಟೆಯ ತಾಳಕ್ಕೆ ಹೇಳುತ್ತಾ ಕಂಡಿಕೆ ಸುತ್ತುತ್ತಿದ್ದೆ. ವಾಕ್ಯಗಳು ಬಂದಾಗ ಇನ್ನೂ ಸಲೀಸಾಯಿತು; ಹುಡುಗಿ, ಹೂವನ್ನು, ಆಮೇಲೆ ಕ್ರಿಯೆ, ನಾವು ಮನೆಯಲ್ಲಿ ಮಾತಾಡುವ ಸಾಲೇ. ದೊಡ್ಡವರೆಲ್ಲ ಇಂಗ್ಲೀಷು ಕಷ್ಟ ಕಷ್ಟ ಎಂದು ಯಾಕೆ ಹೇಳುತ್ತಾರೋ ಎಂದು ನನಗೆ ಆಶ್ಚರ್ಯ. ಗೋಡೆಗೆ ಬೆನ್ನು ಉಜ್ಜಿಕೊಂಡು ಹೋಗುವಾಗ ಅವ್ವ ನಿಂತು ಕೇಳಿ, ಚೂರು ತಲೆದೂಗಿ ಮುಂದೆ ಹೋಗುತ್ತಿದ್ದಳು. ಅಮಾವಾಸ್ಯೆ ಬಂದರೆ ಬೆಳಗಿನಿಂದ ಸಂಜೆಯವರೆಗೆ ಪಾಠ. ಒಂದು ಅಮಾವಾಸ್ಯೆ ಅಪ್ಪನೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

"ಚೆನ್ನಾಗದೆ ಇಂಗ್ಲೀಷು" ಎಂದ. "ಕೇಳಕ್ಕೆ ನಮ್ ಪೂಜಾರಪ್ಪ ಮಂತ್ರ ಹೇಳ್ದಂಗೆ ಅದೆ."

ಮೇಷ್ಟ್ರು ಆ ಮಾತು ಕೇಳಿಸದವರ ಹಾಗೆ ನನಗೆ ಮುಂದಿನ ಸಾಲು ಹೇಳಿಸಿದರು. ಅದನ್ನು ನಾನು ಆಮೇಲೆ ಎಷ್ಟೋ ವರ್ಷ ತಿರುವಿ ಹಾಕಿದ್ದೇನೆ.

ಆ ವರ್ಷ ಮನೆಯಲ್ಲಿ ಒಂದು ಜಗಳ ನಡೆಯಿತು, ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಾವು ಮಾವಿನ ಚಿಗುರಿನ ಬಣ್ಣ ಕೇಳಿದರೆ ನೂಲು ಕೊಡುವ ಸಾಹುಕಾರರು ಸಂಜೆ ಹೊತ್ತು ಬೇರೆ ಕಟ್ಟು ಕೊಟ್ಟು ಕಳಿಸಿದ್ದರು. ಅಪ್ಪ ಅದನ್ನು ಮಗ್ಗಕ್ಕೆ ಏರಿಸಿ ಒಂದು ಮೊಳ ನೇಯ್ದ ಮೇಲೆ ಹಗಲ ಬೆಳಕಲ್ಲಿ ನೋಡಿದರೆ ಕಂದು, ಒಣಗಿದ ಹುಣಸೆಯ ಬಣ್ಣ. ಅವ್ವ ಬಿಚ್ಚಿ ವಾಪಸು ಕೊಡು ಎಂದಳು. ಅಪ್ಪ ಒಪ್ಪಲಿಲ್ಲ. ಮಗ್ಗದ ಉದ್ದಕ್ಕೂ ಬಿಗಿಯುವ ನೂಲಿಗೆ ಹಾಸು ಎನ್ನುತ್ತೇವೆ; ಏರಿಸಿದ ಹಾಸನ್ನು ನಡುವೆ ಇಳಿಸುವುದು ನಮ್ಮ ಮನೆತನದಲ್ಲಿ ನೇಯುವವನು ಸತ್ತರೆ ಮಾತ್ರ. ತಪ್ಪು ಬಣ್ಣವಾಗಲಿ, ಗಿರಾಕಿ ಕೈಕೊಡಲಿ, ಕೊನೆಯವರೆಗೂ ನೇಯ್ದೇ ಕತ್ತರಿ ಹಾಕಬೇಕು. ಕೊನೆಗೆ ಅಪ್ಪ ಆ ಹುಣಸೆ ಸೀರೆಗಳನ್ನು ನೇಯ್ದು ಮುಗಿಸಿದ, ಅವ್ವ ಅವನ್ನು ಬೈದುಕೊಂಡೇ ಗಂಟಿಗೆ ಸೇರಿಸಿದಳು.

ನಾನು ಕಿವಿಯಾಗಿ ಯಳಂದೂರಿಗೆ ಹೋದ ಮೊದಲ ದಿನ ಗಂಟಿನಲ್ಲಿ ಅವೂ ಇದ್ದವು. ಹೋಗುವ ಮುಂಚೆ ಅವ್ವ ನನಗೆ ಸನ್ನೆ ಕಲಿಸಿದಳು. ಅವರು ಕೊಳ್ಳುವ ಮನಸ್ಸಿನಲ್ಲಿದ್ದಾರೆ ಅನಿಸಿದರೆ ನಾನು ಮೊಣಕಾಲು ಕೆರೆಯಬೇಕು, ಅವಳು ಬೆಲೆ ಬಿಗಿಯುತ್ತಾಳೆ. ಎದ್ದುಹೋಗುವ ಹಾಗಿದ್ದರೆ ಜಡೆ ಮುಂದಕ್ಕೆ ಹಾಕಿಕೊಳ್ಳಬೇಕು, ಅವಳು ಇಳಿಸುತ್ತಾಳೆ. ಹೋದದ್ದು ಇಂಜಿನಿಯರ ಮನೆಗೆ. ಅವರ ಹೆಂಡತಿ, ಜೊತೆಗೆ ಬಿಳಿಗಿರಿರಂಗನ ಬೆಟ್ಟದ ಕಾಡಿನ ರೇಂಜರ್ ಸಾಹೇಬರ ಹೆಂಡತಿ. ಅವ್ವ ಸೀರೆ ಬಿಡಿಸಿದಳು, ಬೆಲೆ ಹೇಳಿದಳು, ನೀರು ಕೇಳಿದಳು. ಇಬ್ಬರೂ ಇಂಗ್ಲೀಷಿನಲ್ಲಿ ಶುರುಮಾಡಿದರು. ನಾನು ಕಿವಿ ತೆರೆದು ಕೂತೆ. ಒಂದು ಮಾತೂ ಗೊತ್ತಿರುವ ಹಾಗಿರಲಿಲ್ಲ. ಎಲ್ಲೋ ಒಂದು ಪರಿಚಯದವರ ಮುಖದ ಹಾಗೆ ಹೊಳೆದು ಮಾಯವಾಗುತ್ತಿತ್ತು. ನನ್ನ ಮೇಜು ಎಲ್ಲಿ, ಹುಡುಗಿ ಎಲ್ಲಿ, ಹೂವೆಲ್ಲಿ? ಬಹುಶಃ ಇವರು ಬೇಗ ಮಾತಾಡುತ್ತಿದ್ದಾರೆ, ಬಹುಶಃ ಇವರಿಗೇ ಸರಿಯಾಗಿ ಬರುವುದಿಲ್ಲ ಅಂದುಕೊಂಡೆ. ಅವ್ವ ಲೋಟದ ಅಂಚಿನ ಮೇಲಿಂದ ನನ್ನನ್ನೇ ನೋಡುತ್ತಿದ್ದಾಳೆ. ಗಾಬರಿಯಲ್ಲಿ ಮೊಣಕಾಲೂ ಕೆರೆದೆ, ಜಡೆಯನ್ನೂ ಮುಂದಕ್ಕೆ ಹಾಕಿಕೊಂಡೆ. ಅವ್ವ ಬಿಗಿಯಲೋ ಇಳಿಸಲೋ ಎಂದು ತಿಳಿಯದೆ, ನಾನು ಅವಳ ಜೀವಮಾನದಲ್ಲಿ ಕಂಡ ಒಂದೇ ಸಲ, ಬಾಯಿ ತೆರೆದು ಮುಚ್ಚಿದಳು. ಅಷ್ಟರಲ್ಲಿ ರೇಂಜರ್ ಸಾಹೇಬರು ಹೆಂಡತಿಯನ್ನು ಕರೆದೊಯ್ಯಲು ಬಂದರು. ಮಂಗಳೂರಿನ ಕಡೆಯವರು, ನಗುಮುಖ.

"ಏನು ಓದುವುದು ನೀನು?" ಎಂದು ನನ್ನನ್ನು ಕೇಳಿದರು.

ನಾನು ಅವ್ವನ ಕಣ್ಸನ್ನೆ ಕಾಣುವ ಮೊದಲೇ "ಇಂಗ್ಲೀಷು" ಎಂದೆ.

"ಹೌದಾ? ಒಂದು ಪದ್ಯ ಹೇಳು ನೋಡುವ."

ಈ ಮನುಷ್ಯನಾದರೂ ತೀರ್ಮಾನ ಮಾಡಲಿ ಎಂದು ನಾನು ಎದ್ದು ನಿಂತು, ಕೈಕಟ್ಟಿ, ಮೇಜಿನ ಅಷ್ಟೂ ವಿಭಕ್ತಿ ಹೇಳಿದೆ. ಆಮೇಲೆ ಮೇಷ್ಟ್ರು ಬೆಳಗ್ಗೆ ಹೇಳುವ ಪ್ರಾರ್ಥನೆಯನ್ನೂ ಪೂರ್ತಿ ಹೇಳಿದೆ. ಸಾಹೇಬರ ನಗು ನಿಂತಿತ್ತು. ಅವರ ಹೆಂಡತಿ ಅರಿವಿಲ್ಲದೆ ಕೈ ಎತ್ತಿ ಹಣೆಗೆ, ಎದೆಗೆ ಮುಟ್ಟಿಕೊಂಡರು.

"ಇದು ಇಂಗ್ಲೀಷ್ ಅಲ್ಲ ಮಾರಾಯ್ತಿ, ಲ್ಯಾಟಿನ್" ಎಂದರು ಸಾಹೇಬರು. "ನಮ್ಮ ಇಗರ್ಜಿಯಲ್ಲಿ ಪಾದ್ರಿಗಳು ಪೂಜೆಗೆ ಹೇಳುವ ಭಾಷೆ. ನಿನಗೆ ಯಾರು ಹೇಳಿಕೊಟ್ಟದ್ದು?"

ಅಂದು ಸೀರೆ ಮಾರಾಟವಾಯಿತೋ ಇಲ್ಲವೋ ನನಗೆ ನೆನಪಿಲ್ಲ. ಬಸ್ಸಿನಲ್ಲಿ ಅವ್ವ ಗಂಟನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೂತಿದ್ದಳು. ನನ್ನ ತಲೆಯೊಳಗೆ ಒಂದೇ ಗೊಂದಲ: ನಾನು ಕಲಿತದ್ದು ಇಂಗ್ಲೀಷಲ್ಲವಾದರೆ ಅದು ನಿಜವಾದ ಭಾಷೆ ಹೌದೋ ಅಲ್ಲವೋ? ಯಾರೂ ಮಾತಾಡದ ಭಾಷೆಯಲ್ಲಿ ಮೇಜಿಗೆ ಹೆಸರು ಯಾಕೆ? ಮನೆ ತಲುಪಿದ ಮೇಲೆ ಅವ್ವ ಕಾಲು ತೊಳೆಯಲಿಲ್ಲ. ಮಗ್ಗದ ಪಕ್ಕ ನಿಂತೇ ಕೂಗಿದಳು.

"ಮೇಷ್ಟ್ರೇ, ಬನ್ನಿ ಇಲ್ಲಿ. ನಾನು ಈ ಕೂಸ್ಗೆ ಏನ್ ಕಲಿಸಿ ಅಂದಿದ್ದೆ?"

"ಇಂಗ್ಲೀಷು, ಅಮ್ಮಾ."

"ಏನ್ ಕಲಿಸಿದ್ರಿ?"

ಅವರು ನನ್ನ ಕಡೆ ನೋಡಿದರು. ನಾನು ರಾಟೆಯ ಕಡೆ ನೋಡಿದೆ.

"ಲತೀನು. ಅದು ಅಸ್ತಿವಾರ ಅಮ್ಮಾ. ಸೆಮಿನರೀಲಿ ನಮಗೂ ಮೊದ್ಲು ಲತೀನು, ಆಮೇಲೇ ತಾನೇ ಬಾಕಿ ಎಲ್ಲಾ. ಲತೀನು ಬಂದ್ರೆ ಇಂಗ್ಲೀಷು ತಾನಾಗಿ ಬರ್ತದೆ."

"ಮನೆ ಯಾವಾಗ ಕಟ್ಟೋರಿದ್ರಿ, ಈ ಅಸ್ತಿವಾರದ ಮ್ಯಾಲೆ?"

"ಕಟ್ಟ್ತೀನಮ್ಮಾ."

"ನಾನು ಜರಿ ಅಂಚಿನ ರೇಷ್ಮೆ ಕೇಳುದ್ರೆ ನೀವು ಜಮಖಾನ ಕೊಟ್ಟಿದ್ದೀರಿ. ಅದೂ ಪಾದ್ರಿಗಳು ಹಾಸ್ಕಳ ಜಮಖಾನ. ವರ್ಸಗಟ್ಲೆ ಉಂಡ್ರಿ, ಒಂದಿನ ಏಳ್ಬಾರ್ದಾ ಇದು ಇಂಗ್ಲೀಷಲ್ಲ ಅಂತ?"

ಮೇಷ್ಟ್ರು ತಲೆ ತಗ್ಗಿಸಿದರು. ಆಮೇಲೆ ಬಹಳ ಮೆಲ್ಲಗೆ, "ಇಂಗ್ಲೀಷು ನನಗೆ ಟೈಪು ಹೊಡೆಯಕ್ಕೆ ಬರ್ತದಮ್ಮಾ. ಮಾತಾಡಕ್ಕೆ ಅಷ್ಟು ಬರಲ್ಲ" ಎಂದರು.

ಅವರು ಮೋಸ ಮಾಡಿದರೋ, ಅಸ್ತಿವಾರದ ಮಾತನ್ನು ನಿಜವಾಗಿ ನಂಬಿದ್ದರೋ, ಅಥವಾ ಬಿಟ್ಟುಬಂದ ಆ ಭಾಷೆಯನ್ನು ಸಂಜೆಗೊಮ್ಮೆ ಯಾರ ಬಾಯಿಂದಲಾದರೂ ಕೇಳಬೇಕೆನಿಸಿತ್ತೋ, ನನಗೆ ಈಗಲೂ ಗೊತ್ತಿಲ್ಲ. ಮೂರೂ ಇದ್ದೀತು. ಅವ್ವ ತೀರ್ಪು ಕೊಟ್ಟಳು: ಪಾಠ ಇವತ್ತಿಗೆ ಬಂದ್, ಕೋಣೆ ನಾಳೆ ಖಾಲಿಯಾಗಬೇಕು, ನಾನು ಕಂಡಿಕೆ ಸುತ್ತಿಕೊಂಡಿರಬೇಕು. ನನಗೆ ಅಳು ಬಂತು. ಯಾವುದಕ್ಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಆಗ ಗುಂಡಿಯಿಂದ, ಲಾಳಿಯ ಸದ್ದು ನಿಲ್ಲಿಸದೆ, ಅಪ್ಪ ಮಾತಾಡಿದ.

"ಏರಿರ ಹಾಸು ಅದು."

"ಯಾವುದು?" ಎಂದಳು ಅವ್ವ.

"ಕೂಸು ಕಲೀತಿರದು. ತಪ್ಪು ಬಣ್ಣವೇ ಇರ್ಲಿ. ಅರ್ಧಕ್ಕೆ ಇಳಿಸ್ಬ್ಯಾಡ, ಒಳ್ಳೇದಲ್ಲ."

ಅವ್ವ ಇಡೀ ತಾಲ್ಲೂಕನ್ನು ಎದುರು ಹಾಕಿಕೊಳ್ಳಬಲ್ಲವಳು, ಮಗ್ಗದ ಮಾತಿಗೆ ಮಾತ್ರ ಎದುರಾಡುತ್ತಿರಲಿಲ್ಲ. ಮಗಳಿಗೆ ಏನಾದರೂ ಆದರೆ ಎಂಬ ಭಯ ಅವಳ ಮುಖದಲ್ಲಿ ಕಾಣಿಸಿತು. ಆದರೆ ಸೋತು ಎದ್ದುಹೋಗುವವಳೂ ಅಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮೇಷ್ಟ್ರ ಕಡೆ ಹೊಸದಾಗಿ ತಿರುಗಿದಳು.

"ಆಯ್ತು. ಲತೀನು ಮುಗ್ಸಿ, ಅವ್ರಪ್ಪ ಏಳ್ಬುಟ್ಟವ್ರೆ. ಇಂಗ್ಲೀಷು ಕೊಡ್ಲೇಬೇಕು, ಅದು ಮಾತು. ನಿಮಗೆ ಬರ್ದೇ ಇದ್ರೆ ನೀವೂ ಕಲೀರಿ. ತಪ್ಪು ಮಾಲು ಕೊಟ್ಟಿದ್ಕೆ ಕೊಸರು ಏನ್ ಹಾಕ್ತೀರಿ?"

"ಕೊಸರು?"

"ಮ್ಯಾಲೆ ಒಂದಿಷ್ಟು. ಸೊಪ್ಪಿನೋಳು ಕಟ್ಟಿನ ಮ್ಯಾಲೆ ಒಂದು ಹಿಡಿ ಹಾಕಲ್ವ, ಅಂಗೆ. ನಿಮ್ತಾವ ಇನ್ನೇನದೆ?"

ಮೇಷ್ಟ್ರು ತಮ್ಮ ಕೋಣೆಯ ಕಡೆ ನೋಡಿದರು. ಅಲ್ಲಿ ಒಂದು ಟ್ರಂಕು, ಒಂದು ಚಾಪೆ ಬಿಟ್ಟು ಏನೂ ಇಲ್ಲವೆಂದು ನಮಗೆಲ್ಲ ಗೊತ್ತಿತ್ತು.

"ಗ್ರೀಕು ಇದೆ ಅಮ್ಮಾ."

"ಅದು ಲತೀನಿಗಿಂತ ಹೊಸದಾ ಹಳೇದಾ?"

"ಹಳೇದು."

"ನಿಮ್ತಾವ ಇರದೆಲ್ಲಾ ಹಳೇ ಮಾಲೇ. ಆಗ್ಲಿ, ಹಾಕಿ ಅದ್ನೂವೆ."

ಇಷ್ಟೆಲ್ಲ ಆಗುವ ಹೊತ್ತಿಗೆ ಮೇಷ್ಟ್ರು ಜಗಲಿ ದಾಟಿ, ನಡುಮನೆಗೇ, ಮಗ್ಗದ ಪಕ್ಕಕ್ಕೆ ಬಂದು ನಿಂತಿದ್ದರು. ಎಂದೂ ಅಷ್ಟು ಒಳಕ್ಕೆ ಬಂದವರಲ್ಲ. ಮತ್ತೆ ಆಚೆ ಹೋಗಿ ಎನ್ನುವ ಮಾತನ್ನು ಯಾರೂ ಎತ್ತಲಿಲ್ಲ. ಮಾರನೆಯ ಮಧ್ಯಾಹ್ನ ಅವ್ವ ಅವರ ತಟ್ಟೆಯನ್ನು ಅಡುಗೆಮನೆಯ ಹೊಸ್ತಿಲ ಪಕ್ಕ ಇಟ್ಟಳು.

ಕೊಸರಿನ ವಿಷಯದಲ್ಲಿ ಒಂದು ಮಾತು ನೆನಪಿಡಿ. ಕೊಳ್ಳುವವರು ಅಸಲನ್ನು ತೂಗಿ ನೋಡುತ್ತಾರೆ, ಕೊಸರನ್ನು ಯಾರೂ ತೂಗುವುದಿಲ್ಲ. ಆದ್ದರಿಂದ ಮಾರುವವನು ಕೈತುಂಬ ಹಾಕಿಬಿಡುತ್ತಾನೆ. ಮೇಷ್ಟ್ರು ಗ್ರೀಕನ್ನು ಹಾಗೆ ಹಾಕಿದರು. ಅಕ್ಷರಗಳನ್ನು ಸೀಮೆಸುಣ್ಣದಿಂದ ಮಗ್ಗದ ಕಂಬದ ಮೇಲೆ ಬರೆಸಿದರು. ನಾನು ಕಂಡಿರದ ಸಮುದ್ರಕ್ಕೆ ಥಲಸ್ಸಾ ಎನ್ನುತ್ತಾರೆ ಎಂದರು. ಗ್ರೀಕರಿಗೆ ಮಗ್ಗಕ್ಕೂ ಹಡಗಿನ ಪಟದ ಕಂಬಕ್ಕೂ ಒಂದೇ ಮಾತು ಎಂದು ಒಂದು ದಿನ ಅಪ್ಪನಿಗೆ ಹೇಳಿದರು. "ಹಡಗ್ನಲ್ಲೂ ನೇಯ್ತಿದ್ರಾ?" ಎಂದ ಅಪ್ಪ. ಮೇಷ್ಟ್ರಿಗೆ ಗೊತ್ತಿರಲಿಲ್ಲ. ಇಂಗ್ಲೀಷನ್ನು ಮಾತ್ರ ಅವರು ಅಸಲಿನ ಹಾಗೆ ತೂಗಿ ಕೊಟ್ಟರು. ಕಛೇರಿಯಿಂದ ಹಳೆಯ ಪೇಪರು ತಂದು, ತಾವು ಒಂದು ಪಾಠ ಮುಂದೆ ಓದಿಕೊಂಡು, ನನಗೆ ಹೇಳಿಕೊಡುತ್ತಿದ್ದರು. ಆ ಭಾಷೆ ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಕ್ರಿಯೆ ನಡುವೆ ಬಂದು ಕೂರುತ್ತದೆ, ವಿಭಕ್ತಿಗಳು ಉದುರಿಹೋಗಿವೆ, ಯಾವ ಮಾತು ಯಾರದೆಂದು ನಿಂತ ಜಾಗದಿಂದ ಊಹಿಸಬೇಕು. ಆದರೂ ಬಂತು. ಮುಂದೆ ಮದ್ರಾಸಿನಲ್ಲಿ ಓದುವಾಗ ನನ್ನ ಲ್ಯಾಟಿನ್ ಉಚ್ಚಾರಣೆ ಕೇಳಿ ಪ್ರೊಫೆಸರು ಕಿವಿ ಮುಚ್ಚಿಕೊಂಡರು. ಆಕಾಶಕ್ಕೆ ಮೇಷ್ಟ್ರು ಚೇಲುಂ ಎಂದು ಹೇಳಿಕೊಟ್ಟಿದ್ದರು, ಪ್ರೊಫೆಸರು ಕೈಲುಂ ಎನ್ನಬೇಕು ಎಂದರು. ಪಾದ್ರಿಗಳದು ಒಂದು, ಪಂಡಿತರದು ಒಂದು. ಪರೀಕ್ಷೆಯಲ್ಲಿ ಅವರ ಹಾಗೆ ಹೇಳಿ ಅಂಕ ತೆಗೆದುಕೊಂಡೆ, ಮನಸ್ಸಿನಲ್ಲಿ ಇವತ್ತಿಗೂ ಮೇಷ್ಟ್ರ ಹಾಗೆ ಹೇಳಿಕೊಳ್ಳುತ್ತೇನೆ. ಯಾವುದು ಸರಿ ಎಂದು ವಿದ್ಯಾರ್ಥಿಗಳು ಕೇಳಿದರೆ, ಸಂಬಳ ಕೊಡುವವರು ಯಾವುದನ್ನು ಕೇಳುತ್ತಾರೋ ಅದು ಎನ್ನುತ್ತಿದ್ದೆ.

ಮತ್ತೆ ಯಳಂದೂರಿಗೆ ಅವ್ವ ನನ್ನನ್ನು ಕರೆದೊಯ್ದದ್ದು ನನ್ನ ಇಂಗ್ಲೀಷನ್ನು ಅವಳೇ ಪರೀಕ್ಷೆ ಮಾಡಿದ ಮೇಲೆ. ಸ್ಕೂಲಿನ ಹೆಡ್‌ಮಾಸ್ಟರ ಹತ್ತಿರ ನಿಲ್ಲಿಸಿ, ಇದು ಇಂಗ್ಲೀಷು ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಂಡಳು. ಅದೇ ಇಂಜಿನಿಯರ ಮನೆ. ರೇಂಜರ್ ಸಾಹೇಬರಿಗೆ ವರ್ಗವಾಗಿತ್ತು. ಈಗ ಇಂಜಿನಿಯರ ಹೆಂಡತಿಯ ಜೊತೆ ಊರಿಂದ ಬಂದ ಅವರ ತಂಗಿ, ಮದುವೆ ಗೊತ್ತಾದವಳು. ಅಮ್ಮನವರು ನನ್ನನ್ನು ಗುರುತಿಸಿ ನಕ್ಕರು.

"ನೋಡೇ, ಪಾದ್ರಿಗಳ ಮಂತ್ರ ಹೇಳುವ ಹುಡುಗಿ ಅಂದಿದ್ದೆನಲ್ಲ, ಇವಳೇ. ಇಂಗ್ಲೀಷು ಅಂದುಕೊಂಡು ಕಲಿತಿದ್ದಾಳೆ, ಪಾಪ."

ಅವ್ವನ ತುಟಿಯ ಕೊನೆಯಲ್ಲಿ ನಗು ಬಂದು ಹೋಯಿತು. ಇದಕ್ಕಿಂತ ಒಳ್ಳೆಯ ಮರೆ ಅವಳಿಗೂ ಸಿಕ್ಕುತ್ತಿರಲಿಲ್ಲ. ಕೆಂಪು ಸೀರೆ ಬಿಡಿಸಿದಳು, ಸೆರಗು ಕೇಳುವವರೆಗೂ ತೋರಿಸಲಿಲ್ಲ, ಬೆಲೆ ಹೇಳಿದಳು, ನೀರು ಕೇಳಿದಳು. ತಂಗಿ ಸೀರೆಯನ್ನು ಕೆನ್ನೆಗೆ ಹಚ್ಚಿಕೊಂಡು ಇಂಗ್ಲೀಷಿನಲ್ಲಿ, ಅಕ್ಕಾ, ನಮ್ಮೂರಲ್ಲಿ ಇದಕ್ಕೆ ಇನ್ನೂ ಎಷ್ಟೋ ಹೆಚ್ಚು ಹೇಳುತ್ತಾರೆ, ತೆಗೆದುಕೊಂಡುಬಿಡೋಣ ಎಂದಳು. ಪ್ರತಿಯೊಂದು ಮಾತೂ ಹಗಲಲ್ಲಿ ನೋಡಿದ ನೂಲಿನ ಹಾಗೆ ನನಗೆ ಬಿಡಿಬಿಡಿಯಾಗಿ ಕಂಡಿತು. ನನ್ನ ಕೈ ಮೊಣಕಾಲಿನ ಕಡೆ ಹೊರಟಿತು. ಆಗ ಅಕ್ಕ ಹೇಳಿದರು: ಹಾಗೆ ತಕ್ಷಣ ಒಪ್ಪಬಾರದು. ಒಪ್ಪಿದರೆ, ಕಡಿಮೆ ಹೇಳಿಬಿಟ್ಟೆ ಎಂದು ಇವಳು ರಾತ್ರಿಯೆಲ್ಲ ಕೊರಗುತ್ತಾಳೆ. ಚೂರು ಹೊತ್ತು ಎಳೆದಾಡು, ಮುಖ ಗಂಟಿಕ್ಕು, ಕೊನೆಗೆ ಅವಳು ಹೇಳಿದ್ದಕ್ಕೆ ಹತ್ತಿರ ಬಾ. ಗೆದ್ದೆ ಅಂತ ಖುಷಿಯಾಗಿ ಹೋಗುತ್ತಾಳೆ. ನಾನು ಯಾವಾಗಲೂ ಹಾಗೇ ಮಾಡುವುದು.

ಇದಕ್ಕೆ ನಮ್ಮ ಬಳಿ ಸನ್ನೆ ಇರಲಿಲ್ಲ. ನಾನು ಮೊಣಕಾಲು ಕೆರೆಯಲಿಲ್ಲ, ಜಡೆ ಮುಟ್ಟಲಿಲ್ಲ. ಅವ್ವ ಕಾದಳು. ನನ್ನಿಂದ ಏನೂ ಬಾರದಿದ್ದಾಗ ತನ್ನ ಹಳೆಯ ದಾರಿಯಲ್ಲೇ ಹೊರಟಳು. ಅವರು ಕಡಿಮೆಗೆ ಕೇಳಿದರು, ಇವಳು ನಿಟ್ಟುಸಿರು ಬಿಟ್ಟಳು, ಅವರು ಸೀರೆ ಪಕ್ಕಕ್ಕಿಟ್ಟರು, ಇವಳು ಗಂಟು ಕಟ್ಟಲು ಶುರುಮಾಡಿದಳು, ಅವರು ತಡೆದರು. ಎರಡು ಕಡೆಯವರೂ ಅದನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ, ಅಷ್ಟು ತಿಳಿದ ಮೇಲೂ ನನಗೆ ಒಂದು ಕ್ಷಣ ವ್ಯಾಪಾರ ಮುರಿದುಬೀಳುತ್ತದೆ ಎಂದೇ ಭಯವಾಯಿತು. ಕೊನೆಗೆ ಅವ್ವ ಹೇಳಿದ್ದಕ್ಕೇ ಬಂತು. ಬಸ್ ನಿಲ್ದಾಣದ ಆಲದ ಕೆಳಗೆ ಅವಳು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿದಳು.

"ಯಾಕವ್ವ ಸುಮ್ಕೆ ಕುಂತಿದ್ದೆ? ಅರ್ಥ ಆಗ್ಲಿಲ್ವ?"

"ಆಯ್ತು."

"ಏನಂದ್ರು?"

ನಾನು ಮುಂದೆ ಮಾಡಿದ ಕೆಲಸವೆಲ್ಲ ಒಬ್ಬರು ಅಂದದ್ದನ್ನು ಇನ್ನೊಬ್ಬರಿಗೆ ದಾಟಿಸುವುದು. ಅಷ್ಟು ವರ್ಷದಲ್ಲಿ ಅದಕ್ಕಿಂತ ಕಷ್ಟದ ವಾಕ್ಯ ನನಗೆ ಬರಲಿಲ್ಲ. ಏನನ್ನೂ ಬಿಡದೆ, ಏನನ್ನೂ ಸೇರಿಸದೆ ಹೇಳಿದೆ. ಯಾವಾಗಲೂ ಎಂಬ ಮಾತನ್ನೂ ಹೇಳಿದೆ. ಅವ್ವ ಅಗಿಯುವುದನ್ನು ನಿಲ್ಲಿಸಿದಳು. ಅವಳಿಗೆ ಕೋಪ ಬಂತೋ, ನೋವಾಯಿತೋ, ಮುಂದಿನ ಸಲ ಇನ್ನೂ ಎಷ್ಟು ಹೆಚ್ಚಿಗೆ ಹೇಳಬಹುದು ಎಂಬ ಲೆಕ್ಕ ಹೊಳೆಯಿತೋ, ಅವಳ ಮುಖದಿಂದ ನನಗೆ ಓದಲಾಗಲಿಲ್ಲ. ಆ ದಿನದ ನಂತರ ಅವಳು ನನ್ನನ್ನು ಯಾವ ಮನೆಗೂ ಕರೆದೊಯ್ಯಲಿಲ್ಲ. ಗಂಟು ಕಟ್ಟುವಾಗ ನಾನು ಲಂಗ ಬದಲಿಸಿ ಬಂದು ನಿಂತರೆ, "ಮನೇಲಿದ್ದು ನಿನ್ ಹಳೇ ಮಾಲು ಓದ್ಕ" ಎನ್ನುತ್ತಿದ್ದಳು. ಹಾಗೆ ಇಂಗ್ಲೀಷು ಮನೆಗೆ ಬೇಡವಾಯಿತು, ಯಾರಿಗೂ ಬೇಡವಾಗಿದ್ದ ಎರಡು ಭಾಷೆಗಳು ನನ್ನವಾದವು. ಅವಳು ನನ್ನನ್ನು ಬಿಟ್ಟುಕೊಟ್ಟಳೋ, ದೂರ ಇಟ್ಟಳೋ, ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಅಂದು ನಾವು ಆಲದ ಕೆಳಗೆ ಇರುವಾಗಲೇ ಕೊಳ್ಳೇಗಾಲದ ಬಸ್ಸು ಬಂತು. ಹತ್ತಿದೆವು. ನಾನು ಉದ್ದ ಬೆಳೆದಿದ್ದೆ, ಅರ್ಧ ಟಿಕೀಟಿನ ವಯಸ್ಸು ಯಾವಾಗಲೋ ದಾಟಿತ್ತು. ಆದರೂ ಪ್ರತಿ ಸಲ ಕಂಡಕ್ಟರ ಜೊತೆ ಅವ್ವ ವಾದಕ್ಕೆ ನಿಲ್ಲುವುದು, ಅರ್ಧ ದಾರಿ ಸವೆಸುವುದು, ಗೆಲ್ಲುವುದು ವಾಡಿಕೆ. ಅಭ್ಯಾಸದಂತೆ ಅವಳ ಬಾಯಿ ತಾನಾಗಿ ಹೇಳಿತು.

"ಒಂದೂವರೆ ಕೊಡಪ್ಪ. ಕೂಸ್ಗೆ ಅರ್ಧ."

ಕಂಡಕ್ಟರು ಹುಡುಗ. ನನ್ನನ್ನೊಮ್ಮೆ ನೋಡಿದ, ಅವ್ವನ ಗಂಟನ್ನೊಮ್ಮೆ ನೋಡಿದ, ವಾದಕ್ಕೆ ನಿಲ್ಲದೆ ಒಂದೂವರೆ ಟಿಕೀಟು ಹರಿದು ಕೈಗಿಟ್ಟ. ಅವ್ವ ಅದನ್ನು ತೆಗೆದುಕೊಂಡಳು. ಸೆರಗಿಗೆ ಗಂಟು ಹಾಕಿಕೊಳ್ಳಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಅವನ ಮುಖವನ್ನೇ ನೋಡಿದಳು.

"ಯಾಕಪ್ಪ ಒಪ್ಕಂಡೆ?"

"ಯಾಕಮ್ಮ, ಬ್ಯಾಡ್ವ? ಫುಲ್ಲೇ ಕೊಡ್ಲಾ?"

ಅವ್ವ ಟಿಕೀಟು ಹಿಡಿದ ಕೈಯಲ್ಲೇ ಮೇಲಿನ ಕಂಬಿ ಹಿಡಿದುಕೊಂಡಳು. ನನ್ನ ಪಕ್ಕದಲ್ಲಿ ಸೀಟು ಖಾಲಿ ಇತ್ತು. ಕೊಳ್ಳೇಗಾಲದವರೆಗೂ ಅವಳು ನಿಂತೇ ಬಂದಳು.